ಎಂಟನೆಯ ಗುಳಿ

ಯಂತ್ರಕ್ಕೆ ದೆವ್ವ ಹಿಡಿದಿದೆ ಎಂದು ಯಾರಾದರೂ ಫೋನ್ ಮಾಡಿದರೆ ನನಗೆ ಮೊದಲು ಬರುವುದು ಸಿಟ್ಟು. ಮಂಡ್ಯ ಜಿಲ್ಲೆಯ ಲ್ಯಾಬುಗಳಲ್ಲಿ ಕೆಟ್ಟು ಕೂತ ಯಂತ್ರಗಳನ್ನು ರಿಪೇರಿ ಮಾಡಿ ಬದುಕುವವನು ನಾನು, ನಾಸಿರ್. ಅಪ್ಪ ಅಫ್ಸರ್ ಪಾಷಾ ಗುತ್ತಲು ರಸ್ತೆಯಲ್ಲಿ ಪಂಪ್‌ಸೆಟ್ ಮೋಟಾರಿಗೆ ತಂತಿ ಸುತ್ತುತ್ತಿದ್ದರು. ನಾನು ಡಿಪ್ಲೊಮಾ ಓದಿದ್ದರಿಂದ ಗ್ರೀಸಿನ ಅಂಗಡಿ ಬಿಟ್ಟು ಬಿಳಿ ಕೋಟಿನವರ ಕೋಣೆಗೆ ಬಂದೆ, ಅಷ್ಟೇ. ಇಷ್ಟು ವರ್ಷಗಳಲ್ಲಿ ನಾನು ಕಂಡ ದೆವ್ವಗಳೆಂದರೆ ಇಲಿ ಕಡಿದ ವೈರು, ಸಡಿಲಾದ ಪ್ಲಗ್ಗು, ಫ್ಯಾನಿನೊಳಗೆ ಸತ್ತುಬಿದ್ದ ಜಿರಲೆ.

ಆದರೆ ಮಳವಳ್ಳಿಯಿಂದ ತನ್ಮಯಿ ಫೋನ್ ಮಾಡಿದ ದಿನ ಸಿಟ್ಟು ಬರಲಿಲ್ಲ.

"ನಾಸಿರಣ್ಣ, ನಮ್ ಪ್ಲೇಟ್ ವಾಷರ್ ಒಂದ್ಸಲ ನೋಡ್ಬೇಕು. ಇವತ್ತೇ ಬರ್ಬೇಕು," ಎಂದಳು. "ಕಂಪನಿಯೋರು ಸರಿಯಾಗೇ ಅದೆ ಅಂತಾರೆ. ನಮ್ಮ ಅಂಕಮ್ಮ ಅದ್ರೊಳಗೆ ಕೂಸು ಸೇರ್ಕಂಡದೆ ಅಂತಾಳೆ. ನಂಗೆ ಇಬ್ರ ಮಾತೂ ನಂಬಕಾಗ್ತಿಲ್ಲ."

ಪ್ಲೇಟ್ ವಾಷರ್ ಎಂದರೆ ರಕ್ತ ಪರೀಕ್ಷೆಯ ಗುಳಿಗಳನ್ನು ತೊಳೆಯುವ ಯಂತ್ರ; ತನ್ಮಯಿ ಅದಿರುವ ಲ್ಯಾಬಿನ ಟೆಕ್ನೀಷಿಯನ್. ಕಣ್ಣು ಚುರುಕು, ನಾಲಗೆ ಅದಕ್ಕಿಂತ ಚುರುಕು. ಅವತ್ತು ಮಾತ್ರ ದನಿ ಇಳಿದಿತ್ತು. ಬೆಳಕವಾಡಿಯ ಶಾಲೆಯ ಟೀಚರು ಒಬ್ಬರು, ಆಶ್ರಿತಾ ಅಂತ, ಬಸುರಿ. ಅವರ ರಕ್ತದಲ್ಲಿ ಟಾಕ್ಸೊಪ್ಲಾಸ್ಮಾ ಎಂಬ ಸೋಂಕು ಇದೆ ಎಂದು ಪರೀಕ್ಷೆಯಲ್ಲಿ ಬಂದಿದೆ. ಮಗು ಉಳಿಸಿಕೊಳ್ಳಬೇಡಿ ಎಂದಿದ್ದಾರೆ ಡಾಕ್ಟರು. ನಾಳೆ ಬೆಳಿಗ್ಗೆ ಆಸ್ಪತ್ರೆಗೆ ಸೇರಬೇಕು.

"ಅವ್ರ ರಕ್ತ ಕೊನೇ ಗುಳೀಲಿತ್ತು ಕಣಣ್ಣ. ಕೊನೇ ಗುಳೀಗೆ ಬಿದ್ದೋರು ಬಾಳ ಜನ ಪಾಸಿಟಿವ್ ಬತ್ತಾವ್ರೆ. ಯಾವಾಗ್ಲೂ ಅಲ್ಲ, ಆಗಾಗ. ಅದ್ಕೇ ನಂಗೆ ಹೆದ್ರಿಕೆ."

ನಾನು ಮದ್ದೂರಿನಲ್ಲಿ ಒಂದು ಕೆಲಸ ಮುಗಿಸಿ ಟೀ ಕುಡಿಯುತ್ತಿದ್ದೆ. ಲೋಟ ಕೆಳಗಿಟ್ಟೆ. ಟೀ ಪೂರ್ತಿ ಕುಡಿಯದೆ ದುಡ್ಡು ಕೊಟ್ಟು ಎದ್ದೆ.

ಏಕೆಂದರೆ ಎರಡು ವರ್ಷದ ಹಿಂದೆ, ಅದೇ ಲ್ಯಾಬಿನಲ್ಲಿ, ಅದೇ ಯಂತ್ರದಲ್ಲಿ ನನ್ನ ಹೆಂಡತಿ ಮಾಹೀನಳ ಪರೀಕ್ಷೆಯಾಗಿತ್ತು. ಮಳವಳ್ಳಿ ಅವಳ ತವರು. ರಂಜಾನ್ ಮುಗಿಸಿಕೊಂಡು ಅಲ್ಲಿಗೆ ಹೋಗಿದ್ದಳು, ಬಸುರಿಗೆ ಮೂರು ತಿಂಗಳು ತುಂಬಿತ್ತು. ಅವಳಿಗೂ ಅದೇ ಸೋಂಕು ಎಂದು ಬಂತು. ಬೆಕ್ಕಿನಿಂದ ಬರುತ್ತದಂತೆ. ಮಗು ಹುಟ್ಟಿದರೂ ತಲೆಯಲ್ಲಿ ನೀರು ತುಂಬಿಕೊಳ್ಳಬಹುದು, ಕಣ್ಣು ಕಾಣದೇ ಇರಬಹುದು, ತೆಗೆಸಿಬಿಡುವುದೇ ಒಳ್ಳೆಯದು ಎಂದರು. ನನ್ನ ತಾಯಿ ಮಸೀದಿಯ ಧರ್ಮಗುರು ಹಜ್ರತ್ತರನ್ನು ಕೇಳಿಸಿದರು. ಡಾಕ್ಟರು ಹೇಳಿದ ಹಾಗೆ ಮಾಡಿ ಎಂದರು ಅವರು. ಮಾಡಿದೆವು.

ಅಲ್ಲಿಂದಾಚೆಗೆ ಮಾಹೀನ ತವರಿನ ಬೀದಿ ತುಳಿದಿಲ್ಲ. ಸಾಕಿದ್ದ ಬೆಕ್ಕನ್ನು ಯಾರಿಗೋ ಕೊಟ್ಟುಬಿಟ್ಟಳು. ಕೈ ತೊಳೆಯುವ ಒಂದು ಚಾಳಿ ಹತ್ತಿಕೊಂಡಿತು. ಊಟಕ್ಕೆ ಮುಂಚೆ, ನಮಾಜಿಗೆ ಮುಂಚೆ ಸರಿ. ಸುಮ್ಮನೆ ಕೂತಿದ್ದವಳು ಎದ್ದುಹೋಗಿ ತೊಳೆದುಕೊಂಡು ಬರುತ್ತಾಳೆ. "ಅದಕ್ಕೆ ವಿಷ ಕುಡಿಸಿದವಳು ನಾನೇ ಅಲ್ಲವಾ?" ಎಂದು ಒಂದು ಸಲ ಕೇಳಿದಳು. ಇನ್ನೊಂದು ಸಲ, "ಆ ಪರೀಕ್ಷೆ ನಿಜವಾ?" ಎಂದಳು. ಯಂತ್ರ ಸುಳ್ಳು ಹೇಳುವುದಿಲ್ಲ ಎಂದೆ. ಅವಳಿಗೆ ಸಮಾಧಾನವಾಗಲಿ ಅಂತ ಹೇಳಿದ್ದು. ಸಮಾಧಾನ ಆದದ್ದು ನನಗೆ.

ಹಾಗಾಗಿ ಆ ಯಂತ್ರ ಸರಿಯಾಗಿರಬೇಕು ಎಂಬುದೇ ನನ್ನ ಆಸೆ. ಆ ಟೀಚರಿಗಾದರೋ ಅದು ಕೆಟ್ಟಿರಬೇಕು. ಇಂಥ ಆಸೆ ಇಟ್ಟುಕೊಂಡು ರಿಪೇರಿಗೆ ಹೊರಟ ಮೆಕ್ಯಾನಿಕ್ಕನ್ನು ಯಾರೂ ಒಳಗೆ ಬಿಟ್ಟುಕೊಳ್ಳಬಾರದು. ಬೈಕು ಹತ್ತಿ ಕೆ.ಎಂ. ದೊಡ್ಡಿಯ ಮೇಲೆ ಮಳವಳ್ಳಿಗೆ ಹೊರಟೆ. ಮೋಡ ಕವಿದು ಹಗಲೇ ಮಂಕಾಗಿತ್ತು. ದಾರಿಯುದ್ದಕ್ಕೂ ಕಬ್ಬಿನ ಗಾಡಿಗಳು ಅಡ್ಡ ಸಿಕ್ಕವು, ನನಗೂ ಬೇಗ ಹೋಗುವ ಮನಸ್ಸಿರಲಿಲ್ಲ.

ಆ ಲ್ಯಾಬು ಇರುವ ಕಟ್ಟಡ ಮೊದಲು ಒಂದು ಸಣ್ಣ ಹೆರಿಗೆ ಆಸ್ಪತ್ರೆಯಾಗಿತ್ತು. ಗೋಡೆಗೆ ಹೊಸ ಬಣ್ಣ ಬಳಿದಿದ್ದಾರೆ, ಆದರೂ ಕೆಳಗಡೆ ಹಳೆಯ ನೀಲಿ ಇಣುಕುತ್ತದೆ. ಪ್ಲೇಟ್ ವಾಷರ್ ಇಟ್ಟಿರುವುದು ಹಿಂದಿನ ಕೋಣೆಯಲ್ಲಿ. ಬಾಗಿಲ ಬಳಿ ಅಂಕಮ್ಮ ಪೊರಕೆ ಹಿಡಿದು ನಿಂತಿದ್ದಳು. ಗುಡಿಸಿ ಒರೆಸುವ ಕೆಲಸದವಳು. ಆ ಕಟ್ಟಡದಲ್ಲಿ ಅವಳಷ್ಟು ಹಳಬರು ಬೇರೆ ಯಾರೂ ಇಲ್ಲ.

"ಅದ್ನ ಬಿಚ್ಬ್ಯಾಡ ಕಣಪ್ಪ," ಎಂದಳು. "ತನ್ ಪಾಡ್ಗೆ ತಾನು ಚೀಪ್ಕಂಡದೆ, ಬುಟ್ಬುಡು."

"ಏನು ಚೀಪ್ತದೆ ಅಂಕಮ್ಮ?"

"ನಿಂಗೇ ಕೇಳ್ತದೆ, ಓಗು."

ಯಂತ್ರದ ನೆತ್ತಿಯ ಮೇಲೆ ಒಂದು ಬೇವಿನ ಕಡ್ಡಿ ಇತ್ತು. ಬಾಣಂತಿ ಕೋಣೆಗೆ ಸಿಕ್ಕಿಸುವಂಥದ್ದು. ನಾನು ತೆಗೆದು ಪಕ್ಕಕ್ಕಿಟ್ಟೆ.

ಹೊರಗಿನ ಬೆಂಚಿನ ಮೇಲೆ ಒಬ್ಬಳೇ ಕೂತಿದ್ದ ಹೆಂಗಸು ಎದ್ದು ಬಂದಳು. ಸೀರೆಯ ಸೆರಗು ಹೊಟ್ಟೆಯ ಮೇಲೆ ಬಿಗಿಯಾಗಿ ಹಿಡಿದಿದ್ದಳು. ತನ್ಮಯಿ ಹೇಳುವ ಮೊದಲೇ ಅದು ಆಶ್ರಿತಾ ಎಂದು ಗೊತ್ತಾಯಿತು.

"ಸರ್, ಮಿಷಿನ್ನು ಕೆಟ್ಟಿರ್ಬೋದಾ?" ಎಂದು ಕೇಳಿದಳು. ಕೆಟ್ಟಿದೆ ಅನ್ನಿ ಎಂದು ಬೇಡುವ ಮುಖ. ನಾನು ಆ ಮುಖ ನೋಡದೆ ಟೂಲ್ ಬ್ಯಾಗ್ ಬಿಚ್ಚಿದೆ.

"ನೋಡ್ತೀನಿ ಮೇಡಂ. ಈಗ್ಲೇ ಏನೂ ಹೇಳಕಾಗಲ್ಲ."

ಆ ಪರೀಕ್ಷೆ ನಡೆಯುವುದು ಹೀಗೆ. ಪ್ಲಾಸ್ಟಿಕ್ಕಿನ ಒಂದು ಪಟ್ಟಿ, ಅದರಲ್ಲಿ ಅಳಗುಳಿ ಮಣೆಯ ಹಾಗೆ ಸಾಲಾಗಿ ಎಂಟು ಸಣ್ಣ ಗುಳಿಗಳು. ಒಂದೊಂದರಲ್ಲಿ ಒಬ್ಬೊಬ್ಬರ ರಕ್ತದ ನೀರು, ಆಮೇಲೆ ಬಣ್ಣ ಬರಿಸುವ ಮದ್ದು. ಸೋಂಕಿದ್ದರೆ ಮದ್ದು ಗುಳಿಯ ತಳಕ್ಕೆ ಅಂಟುತ್ತದೆ, ಇಲ್ಲದಿದ್ದರೆ ಅಂಟುವುದಿಲ್ಲ. ಅಂಟದ್ದನ್ನು ಪೂರ್ತಿ ತೊಳೆದು ತೆಗೆಯುವುದು ವಾಷರಿನ ಕೆಲಸ. ಅದಕ್ಕೆ ಎಂಟು ಜೊತೆ ಸೂಜಿ. ಒಂದು ನೀರು ಬಿಡುತ್ತದೆ, ಇನ್ನೊಂದು ಹೀರುತ್ತದೆ. ಒಂದು ಸೂಜಿ ಸರಿಯಾಗಿ ಹೀರದಿದ್ದರೆ ಆ ಗುಳಿಯಲ್ಲಿ ಮದ್ದು ಉಳಿದು, ಆರೋಗ್ಯವಾಗಿರುವವರ ರಕ್ತವೂ ಹಳದಿ ತಿರುಗುತ್ತದೆ. ಬಟ್ಟೆಯಲ್ಲಿ ಸೋಪು ಉಳಿದುಕೊಂಡ ಹಾಗೆ. ಇದಕ್ಕಿಂತ ಹೆಚ್ಚಿನ ಮಾಯೆ ಅದರಲ್ಲಿ ಏನೂ ಇಲ್ಲ.

ನಾನು ಶುರುಮಾಡುವ ಹೊತ್ತಿಗೆ ಕರೆಂಟು ಹೋಯಿತು. ಯಂತ್ರ ಯುಪಿಎಸ್ ಮೇಲೆ ಓಡುತ್ತಿತ್ತು. ಎಸಿ ನಿಂತುಹೋಗಿ, ಕಿಟಕಿಯಿಲ್ಲದ ಆ ಕೋಣೆ ಸ್ವಲ್ಪ ಹೊತ್ತಿಗೆಲ್ಲ ಒಲೆಯ ಮುಂದೆ ಕೂತ ಹಾಗಾಯಿತು. ಬೆವರು ಒರೆಸಿಕೊಳ್ಳುತ್ತಾ ಕಾದೆವು. ಕರೆಂಟು ಬರುವ ಲಕ್ಷಣ ಕಾಣಲಿಲ್ಲ. ಸರಿ, ಹೀಗೇ ನೋಡೋಣ ಎಂದು ತನ್ಮಯಿ ತರಿಸಿಟ್ಟಿದ್ದ ಕೇಸರಿಬಾತಿನ ಬಣ್ಣವನ್ನು ನೀರಿಗೆ ಕಲಸಿ ಎಂಟೂ ಗುಳಿಗೆ ತುಂಬಿ ಯಂತ್ರಕ್ಕೆ ಕೊಟ್ಟೆ. ಬಣ್ಣ ಉಳಿದರೆ ತೊಳೆತ ಸರಿಯಿಲ್ಲ ಎಂದು ಅರ್ಥ.

ಸೂಜಿಗಳು ಇಳಿದವು, ಎದ್ದವು, ಮತ್ತೆ ಇಳಿದವು. ಪಟ್ಟಿ ಹೊರಗೆ ತೆಗೆದು ಟಾರ್ಚ್ ಹಾಕಿದೆ. ಎಂಟೂ ಗುಳಿ ಗಾಜಿನ ಹಾಗೆ ಶುಭ್ರ. ಇನ್ನೊಂದು ಸಲ ಮಾಡಿದೆ. ಶುಭ್ರ. ಟಿಶ್ಯೂ ಕಾಗದದ ಮೇಲೆ ಬೋರಲು ಹಾಕಿ ಕುಟ್ಟಿದೆ. ಎಂಟು ಕಡೆಯೂ ಒಂದೇ ಸಮ, ತೇವ ಇದ್ದೂ ಇಲ್ಲದ ಹಾಗೆ.

ನನಗೆ ಎಷ್ಟು ಖುಷಿಯಾಯಿತೆಂದರೆ, ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಯಂತ್ರ ಸರಿಯಾಗಿದೆ. ನಾವು ಮಾಡಿದ್ದೂ ಸರಿಯೇ. ಆ ಮಗುವನ್ನು ಕಷ್ಟದಿಂದ ಪಾರು ಮಾಡಿದೆವು. ಇಷ್ಟನ್ನೂ ಮನಸ್ಸಿನಲ್ಲೇ ಮಾಹೀನಳಿಗೆ ಹೇಳಿಬಿಟ್ಟೆ. ಬೆಂಚಿನ ಕಡೆ ತಿರುಗಿದಾಗ ಆಶ್ರಿತಾ ನನ್ನ ಮುಖದಲ್ಲೇ ಉತ್ತರ ಓದಿಕೊಂಡಿದ್ದಳು. ಅವಳು ಅಳಲಿಲ್ಲ. ಬ್ಯಾಗಿನ ಜಿಪ್ಪು ಎಳೆದು ಹೊರಡಲು ಅಣಿಯಾದಳು.

"ಸ್ವಲ್ಪ ಕೂತ್ಕೊಳಿ ಮೇಡಂ," ಎಂದಳು ತನ್ಮಯಿ. ನನ್ನ ಕಡೆ ತಿರುಗಿ, "ಕಂಪನಿ ಹುಡುಗ್ರೂ ಬಿಸಿನೀರು ಬುಟ್ಟು ತೊಳ್ದು, ಹಿಂಗೇ ಸರಿಯಾಗೇ ಅದೆ ಅಂದ್ಬುಟ್ಟು ಹೋಗೋದು ಕಣಣ್ಣ. ನಾನು ಟೆಸ್ಟ್ ಮಾಡೋದು ಎಸಿ ಹಾಕ್ಕೊಂಡು," ಎಂದಳು.

ಅಷ್ಟರಲ್ಲಿ ಕರೆಂಟು ಬಂತು. ಎಸಿ ಗುರ್ರೆಂದು ಶುರುವಾಯಿತು. ಬ್ಯಾಗಿಗೆ ತುಂಬಲಿದ್ದ ಸ್ಪ್ಯಾನರು ಕೈಯಲ್ಲೇ ಹಿಡಿದು ನಿಂತೆ. ನನ್ನ ಕೆಲಸ ಮುಗಿದಿದೆ, ಎದ್ದು ಹೋಗಬಹುದಿತ್ತು. ಹೋಗಲಿಲ್ಲ. ಅದು ನನ್ನ ಒಳ್ಳೆಯತನ ಅಂತಲ್ಲ. ಆಶ್ರಿತಾ ತನ್ನ ಬ್ಯಾಗನ್ನು ಮಡಿಲಲ್ಲಿ ಅವುಚಿಕೊಂಡು ಕೂತಿದ್ದ ರೀತಿ ನೋಡಿ ಕಾಲು ಏಳಲಿಲ್ಲ. ಕೋಣೆ ಚೆನ್ನಾಗಿ ತಣ್ಣಗಾಗಲಿ ಎಂದು ಬಾಗಿಲು ಹಾಕಿಕೊಂಡು ಕಾದೆವು. ಕೈ ಮೇಲಿನ ರೋಮ ನಿಲ್ಲುವಷ್ಟು ತಣ್ಣಗಾದ ಮೇಲೆ ಮತ್ತೆ ಬಣ್ಣ ತುಂಬಿ ಗುಂಡಿ ಒತ್ತಿದೆ.

ಆಗ ಕೇಳಿಸಿತು.

ಎಲ್ಲ ಸೂಜಿಗಳೂ ಹೀರಿ ಮುಗಿಸಿದ ಮೇಲೂ ಒಂದು ಮೂಲೆಯಿಂದ ಸದ್ದು. ಚುಸ್, ಚುಸ್, ಆಮೇಲೆ ಉಸಿರು ಸಿಕ್ಕಿದಂತೆ ಒಂದು ತಡೆ, ಮತ್ತೆ ಚುಸ್. ಹಾಲಿಲ್ಲದ ಮೊಲೆಯನ್ನು ಹಸುಗೂಸು ಬಿಡದೆ ಚೀಪುತ್ತಿರುವ ಹಾಗೆ. ದೆವ್ವವನ್ನು ನಂಬದವನು ನಾನು, ಆದರೂ ಯಾರೋ ಹಿಂದೆ ನಿಂತ ಹಾಗಾಗಿ ತಿರುಗಿ ನೋಡಿದೆ. ನೀಲಿ ಗೋಡೆ, ಅಷ್ಟೇ. ಬಾಗಿಲಾಚೆಯಿಂದ ಅಂಕಮ್ಮನ ದನಿ ಬಂತು. "ಕೇಳ್ತಾ?"

ಪಟ್ಟಿ ತೆಗೆದೆ. ಏಳು ಗುಳಿ ಶುಭ್ರ. ಎಂಟನೆಯದರ ತಳದಲ್ಲಿ ಕೇಸರಿ ನಿಂತಿತ್ತು. ಟಾರ್ಚೇ ಬೇಕಿರಲಿಲ್ಲ.

ತಲೆಯೊಳಗೆ ಏನೂ ಓಡದಿದ್ದರೂ ಕೈ ತನ್ನ ಕೆಲಸ ಮಾಡಿತು. ಸೂಜಿಗಳ ಸಾಲು ಬಿಚ್ಚಿ, ಎಂಟನೆಯ ಹೀರುವ ಸೂಜಿಯೊಳಕ್ಕೆ ಹಿಂದಿನಿಂದ ತೆಳ್ಳನೆಯ ತಂತಿ ತೂರಿಸಿದೆ. ಮುಂದಿನಿಂದ ಬೆಳ್ಳಗಿನ ಮೆತ್ತನೆಯ ಒಂದು ಎಳೆ ಹೊರಬಂತು. ತೊಳೆಯುವ ನೀರಿನ ಉಪ್ಪಾಗಿದ್ದರೆ ಗರಿಗರಿ ಇರಬೇಕು. ಇದನ್ನು ಬೆರಳಿಗೆ ಹಚ್ಚಿಕೊಂಡರೆ ಕರಗಿತು. ಮೂಸಿ ನೋಡಿದೆ. ಕಮಟು ವಾಸನೆ. ತುಪ್ಪ.

ಬಿಸಿಯಲ್ಲಿ ಕರಗಿ ದಾರಿ ಬಿಡುತ್ತದೆ, ಎಸಿಯಲ್ಲಿ ಹೆಪ್ಪುಗಟ್ಟಿ ಬಾಯಿ ಮುಚ್ಚುತ್ತದೆ. ಆಗಾಗ ಎಂದು ತನ್ಮಯಿ ಹೇಳಿದ್ದು ಇದೇ. ಯಂತ್ರದ ದೆವ್ವದ ಲೆಕ್ಕ ಅಲ್ಲಿಗೆ ಬಗೆಹರಿಯಿತು. ಲ್ಯಾಬಿನ ಯಂತ್ರಕ್ಕೆ ತುಪ್ಪ ಎಲ್ಲಿಂದ ಬಂತು ಎಂಬುದೊಂದು ಉಳಿಯಿತು.

"ಯಾರು ಇದ್ಕೆ ತುಪ್ಪ ಹಾಕಿದ್ದು?" ಎಂದು ಕೂಗಿದೆ. ನಿಜಕ್ಕೂ ಕೂಗಿದೆ.

ಅಂಕಮ್ಮ ಪೊರಕೆ ಗೋಡೆಗೆ ಒರಗಿಸಿ ಒಳಗೆ ಬಂದಳು. ಮುಚ್ಚಿಡುವ ಯೋಚನೆಯೇ ಅವಳಿಗಿರಲಿಲ್ಲ. "ನಾನೇ ಕಣಪ್ಪ. ಆಲುತುಪ್ಪ ಬುಡ್ತೀನಿ ಅಮಾಸೆ ಅಮಾಸೆಗೆ."

ಸತ್ತವರನ್ನು ಮಣ್ಣು ಮಾಡಿದ ಮೂರನೆಯ ದಿನ ಗುಡ್ಡೆಯ ಮೇಲೆ ಹಾಲುತುಪ್ಪ ಬಿಡುವುದು ಈ ಸೀಮೆಯಲ್ಲಿ ಎಲ್ಲರಿಗೂ ಗೊತ್ತು. ಯಂತ್ರಕ್ಕೆ ಬಿಟ್ಟದ್ದು ನಾನು ಕೇಳಿದ್ದು ಇದೇ ಮೊದಲು.

"ಈ ಕ್ವಾಣೇಲೇ ಎರಿಗೆ ಮಾಡುಸ್ತಿದ್ದುದು," ಎಂದಳು. "ಉಟ್ತಿದ್ದಂಗೇ ಸತ್ತೋದ್ ಕೂಸ್ಗಳ್ನ ಬಟ್ಟೇಲಿ ಸುತ್ತಿ ಕೊಟ್ಬುಡೋರು. ಅವುಕ್ಕೆ ಯಾರ್ ತಾನೆ ಆಲುತುಪ್ಪ ಬುಟ್ಟವ್ರೆ? ನಂದೂ ಒಂದು ಇಲ್ಲೇ ಓಯ್ತು. ಈ ಮಿಷಿನ್ ಬಂದ್ ದಿನ್ವೇ ಚೀಪೋ ಸಬ್ದ ಕೇಳ್ದೆ. ಅಸ್ಕಂಡವೆ ಅಂತ ಗೊತ್ತಾಯ್ತು. ಆ ವರ್ಸ ಪಕ್ಸದ ಅಮಾಸೆಗೆ ಆ ಮೂಲೇಲಿ ಒಂದ್ ತೊಟ್ಟು ಬುಟ್ಟೆ. ಅಲ್ಲಿಂದ್ಲೂ ಮೂರ್ ವರ್ಸಾಯ್ತು, ಬುಡ್ತಾನೇ ಇವ್ನಿ. ಎಷ್ಟ್ ಬುಟ್ರೂ ಸಾಲ್ದು ಅದುಕ್ಕೆ. ಬುಟ್ಟಷ್ಟೂ ಜಾಸ್ತಿ ಚೀಪ್ತದೆ."

ಸೂಜಿಗಳು ಬಿಡುವಿನಲ್ಲಿ ಮುಳುಗಿ ಕೂರುವ ಸಣ್ಣ ತೊಟ್ಟಿಯ ತುದಿಯನ್ನು ಅವಳು ತೋರಿಸಿದಳು. ಎಂಟನೆಯ ಸೂಜಿಯ ಜಾಗ. ಅವಳು ಬಿಟ್ಟ ತುಪ್ಪ ಸೂಜಿಯ ಬಾಯಿ ಕಟ್ಟಿತು. ಕಟ್ಟಿದ ಸೂಜಿ ಇನ್ನಷ್ಟು ಚೀಪಿತು. ಅದನ್ನು ಕೇಳಿ ಅವಳು ಇನ್ನಷ್ಟು ಬಿಟ್ಟಳು. ನಡುವೆ ಎಂಟನೆಯ ಗುಳಿಯಲ್ಲಿ ಒಬ್ಬೊಬ್ಬರಾಗಿ ಬಸುರಿಯರು ಬಂದು ಹೋದರು.

ನನ್ನ ನಾಲಗೆಯ ತುದಿಗೆ ಬಂದಿತ್ತು. ನಿನ್ನ ತುಪ್ಪ ಏನು ಮಾಡಿದೆ ಗೊತ್ತಾ ಎಂದು ಕೇಳಬೇಕಿತ್ತು. ತನ್ಮಯಿ ಬೇಡ ಎಂದು ಕಣ್ಣಲ್ಲೇ ಹೇಳಿದಳು. ಅಂಕಮ್ಮ ನನ್ನ ಮುಖ ನೋಡುತ್ತಾ ನಿಂತಿದ್ದಳು, ಏನಾದರೂ ತಪ್ಪಾಯಿತಾ ಎನ್ನುವ ಹಾಗೆ. ಮುದುಕಿ. ಯಾರ ಕೂಸೋ ಹಸಿದಿದೆ ಎಂದು ತನ್ನ ಮನೆಯ ತುಪ್ಪ ತಂದು ಬಿಟ್ಟವಳು. ನನ್ನ ಸಿಟ್ಟು ನಿಲ್ಲಲು ಅಲ್ಲಿ ಜಾಗ ಸಿಗಲಿಲ್ಲ.

"ಮಿಷಿನ್ಗೆ ಜಿಡ್ಡು ಆಗ್ಬರಲ್ಲ ಅಂಕಮ್ಮ. ಇನ್ಮೇಲೆ ಇದ್ರೊಳಕ್ಕೆ ಏನೂ ಬಿಡ್ಬೇಡ."

"ಮತ್ತೆ ಅವುಕ್ಕೆ?"

ನಾನು ಬಿಚ್ಚಿದ ಸೂಜಿಗಳನ್ನು ತನ್ಮಯಿಯ ಕೈಗೆ ಕೊಟ್ಟೆ. ಅಂಕಮ್ಮ ಹೊರಗೆ ಹೋಗಿ ಪೊರಕೆ ಎತ್ತಿಕೊಂಡಳು.

ಅವಳು ಹೋದ ಮೇಲೆ ತನ್ಮಯಿಯನ್ನು ಕೇಳಿದೆ. "ಮಾಹೀನಳದು ಎಷ್ಟನೇ ಗುಳಿ?"

ತನ್ಮಯಿ ಸೂಜಿಗಳನ್ನು ಬಿಸಿನೀರಿಗೆ ಹಾಕುತ್ತಿದ್ದಳು. ತಲೆ ಎತ್ತಲಿಲ್ಲ. "ಆವತ್ತು ಪಟ್ಟಿ ಆಗ್ಲೇ ತುಂಬಿತ್ತು ಕಣಣ್ಣ. ನಾಸಿರಣ್ಣನ ಮನೆಯೋರು, ನಾಳೆ ಬಾ ಅನ್ನೋದು ಹೆಂಗೆ ಅಂತ ಬೇರೆಯೋರ್ದು ಒಂದನ್ನ ಮಾರನೇ ದಿನಕ್ಕೆ ಎತ್ತಿಟ್ಟು ಅಕ್ಕಂದು ಹಾಕ್ದೆ. ಕೊನೇಲಿ ಹಾಕ್ದೆ." ಅವಳ ಕಣ್ಣೀರು ಬಿಸಿನೀರಿಗೇ ಬಿತ್ತು.

ನನ್ನ ಮೇಲಿನ ವಿಶ್ವಾಸಕ್ಕೆ ಮಾಡಿದ ಉಪಕಾರ. ಅವಳನ್ನು ಬೈಯಲು ನನ್ನಿಂದ ಆಗಲಿಲ್ಲ.

ಆಮೇಲಿನ ಕೆಲಸ ಸಲೀಸಾಗಿಯೇ ಆಯಿತು. ಸೂಜಿ, ತೊಟ್ಟಿ, ಕೊಳವೆ ಎಲ್ಲ ಜಿಡ್ಡು ಹೋಗುವ ಹಾಗೆ ತೊಳೆದೆವು. ಎಸಿಯ ತಂಪಿನಲ್ಲೇ ಬಣ್ಣದ ನೀರು ಓಡಿಸಿದೆವು, ಎಂಟೂ ಶುಭ್ರ. ಸೋಂಕಿಲ್ಲದವರದು ಎಂದು ಗೊತ್ತಿದ್ದ ಒಂದೇ ರಕ್ತವನ್ನು ಎಂಟಕ್ಕೂ ಹಾಕಿ ನೋಡಿದೆವು. ಒಂದೂ ಹಳದಿ ತಿರುಗಲಿಲ್ಲ. ಕೊನೆಗೆ ಆಶ್ರಿತಾಳ ರಕ್ತವನ್ನು ನಡುವಿನ ಒಂದು ಗುಳಿಗೆ, ಬೇಕೆಂದೇ ಎಂಟನೆಯದಕ್ಕೂ ಹಾಕಿದಳು ತನ್ಮಯಿ. ಜೊತೆಗೆ ಹಾಕಿದ್ದ, ಸೋಂಕಿದೆ ಎಂದು ಗೊತ್ತಿದ್ದ ರಕ್ತದ ಗುಳಿ ಮಾತ್ರ ಹಳದಿಯಾಯಿತು. ಆಶ್ರಿತಾಳ ಎರಡೂ ಗುಳಿ ನೀರಿನಷ್ಟು ತಿಳಿಯಾಗಿದ್ದವು.

ತನ್ಮಯಿ ಪಟ್ಟಿಯನ್ನು ಬೆಂಚಿನ ಹತ್ತಿರಕ್ಕೇ ತೆಗೆದುಕೊಂಡು ಹೋಗಿ ತೋರಿಸಿದಳು. ಮೈಸೂರಿಗೂ ರಕ್ತ ಕಳಿಸಿ ಇನ್ನೊಂದು ಸಲ ನೋಡಿಸಿ, ಅಲ್ಲಿಯವರೆಗೆ ಆಸ್ಪತ್ರೆ ಕಡೆ ತಲೆ ಹಾಕಬೇಡಿ ಎಂದಳು. ಆಶ್ರಿತಾ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಆಮೇಲೆ ನನ್ನ ಕಡೆ ಬಂದು ಕೈ ಮುಗಿದಳು. ಆ ನಮಸ್ಕಾರ ಪಡೆಯುವ ಯೋಗ್ಯತೆ ಆಗ ನನಗಿರಲಿಲ್ಲ. ಆದರೂ ಮುಗಿದೆ.

ಸಂಜೆಗೆ ಲ್ಯಾಬಿನ ಮಾಲೀಕರು ಮಧುಕರ್ ಬಂದರು. ಎಲ್ಲ ಕೇಳಿ ಕುರ್ಚಿಯಲ್ಲಿ ಕುಸಿದರು. ಕೆಟ್ಟ ಮನುಷ್ಯರೇನಲ್ಲ, ಹೆದರಿದ ಮನುಷ್ಯರು. "ನಾಸಿರ್, ಆಗಿದ್ದು ಆಗೋಯ್ತು. ಸರ್ವಿಸ್ ಮಾಡ್ದೆ ಅಂತ ಮಾತ್ರ ಇರ್ಲಿ. ಹಳೇದೆಲ್ಲ ಕೆದಕಿದ್ರೆ ಆ ಹೆಣ್ಮಕ್ಕಳಿಗೇ ಸಂಕಟ ಅಲ್ವಾ? ಅವರೆಲ್ಲ ಮರ್ತಿರ್ತಾರೆ."

"ಮರ್ತಿಲ್ಲ ಸಾರ್. ಅದ್ರಲ್ಲಿ ನಮ್ಮನೆಯೋಳೂ ಒಬ್ಳು."

ಅವರು ಕುರ್ಚಿಯಿಂದ ಎದ್ದು ನಿಂತರು. "ಒಬ್ಬೊಬ್ಬರನ್ನೂ ಕರೆಸಿ ನೀವೇ ಹೇಳಿ. ನೀವು ಹೇಳದಿದ್ರೆ ನಾನು ಹೇಳ್ತೀನಿ," ಎಂದು ಬ್ಯಾಗು ಎತ್ತಿಕೊಂಡೆ. ತನ್ಮಯಿ ಗೇಟಿನವರೆಗೆ ಬಂದಳು. ಮಾಹೀನಕ್ಕನಿಗೆ ನಿಜವಾಗಿ ಸೋಂಕು ಬಂದಿತ್ತೋ ಇಲ್ಲವೋ ಈಗಲೂ ತಿಳಿಯಬಹುದು ಎಂದಳು. ಒಂದು ಸಲ ಬಂದ ಸೋಂಕಿನ ಗುರುತು ರಕ್ತದಲ್ಲಿ ಸಾಯುವವರೆಗೆ ಉಳಿಯುತ್ತದೆ. ಗುರುತು ಇಲ್ಲದಿದ್ದರೆ ಅದು ಬಂದೇ ಇರಲಿಲ್ಲ.

ಮಂಡ್ಯಕ್ಕೆ ಹಿಂತಿರುಗುವಾಗ ನನಗೆ ದಾರಿ ಕಾಣುತ್ತಿದ್ದದ್ದು ಅಷ್ಟಕ್ಕಷ್ಟೆ. ಮಾಹೀನಳಿಗೆ ಹೇಳದೇ ಇರಬಹುದಲ್ಲ ಎಂದುಕೊಂಡೆ. ಎರಡು ವರ್ಷದಲ್ಲಿ ಅವಳು ಈಗೀಗ ನಗುವುದನ್ನು ಕಲಿತಿದ್ದಳು. ರೋಗದ ಮಗುವನ್ನು ಕಳೆದುಕೊಂಡೆವು ಎನ್ನುವುದು ಒಂದು ದುಃಖ; ಗಟ್ಟಿಮುಟ್ಟಾದ ಮಗುವನ್ನು ನಾವೇ ಕೈಯಾರೆ ಕೊಟ್ಟು ಬಂದೆವು ಎನ್ನುವುದನ್ನು ಯಾವ ತಾಯಿಗೆ ಹೇಳುವುದು? ಹೇಳಿದರೆ ಅವಳು ಮತ್ತೆ ಏಳುವುದಿಲ್ಲ ಎಂದೇ ನನಗನಿಸಿತ್ತು.

ಆದರೂ ಹೇಳಿದೆ. ಅವಳು ಅಡುಗೆಮನೆಯಲ್ಲಿ ಸೊಪ್ಪು ಬಿಡಿಸುತ್ತಿದ್ದಳು. ನಮ್ಮ ಮನೆಯ ಮಾತು ಉರ್ದು, ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ತುಪ್ಪದಿಂದ ಹಿಡಿದು ಗುಳಿಯವರೆಗೆ ಎಲ್ಲ ಹೇಳಿ ತಲೆ ತಗ್ಗಿಸಿ ಕೂತೆ. ಹೊಡೆಯಲಿ ಎಂದು ಕಾದೆ. ಅವಳು ಸೊಪ್ಪಿನ ಕಡ್ಡಿಯನ್ನು ಮುರಿದು ಮುರಿದು ಪುಡಿ ಮಾಡಿದಳು.

"ಆ ಗುರುತಿನ ಪರೀಕ್ಷೆ ಎಲ್ಲಿ ಮಾಡುತ್ತಾರೆ?" ಎಂದು ಕೇಳಿದಳು. ಅಷ್ಟೇ.

ಮರುದಿನ ರೈಲಿನಲ್ಲಿ ಮೈಸೂರಿಗೆ ಹೋದೆವು. ಅಲ್ಲಿನ ದೊಡ್ಡ ಲ್ಯಾಬಿನಲ್ಲಿ ತಾನೇ ಮುಂದಾಗಿ ತೋಳು ಚಾಚಿದಳು. ಫಲಿತಾಂಶ ಬರುವವರೆಗೆ ಅಲ್ಲಿಯ ಮೆಟ್ಟಿಲ ಮೇಲೆ ಕೂತಿದ್ದೆವು. ಗುರುತು ಇಲ್ಲ ಎಂದು ಬಂತು. ಆ ಸೋಂಕು ಅವಳ ರಕ್ತ ಮುಟ್ಟಿಯೇ ಇರಲಿಲ್ಲ.

"ಅಂದರೆ ಅದಕ್ಕೆ ಏನೂ ಆಗಿರಲಿಲ್ಲ?" ಎಂದಳು.

"ಇಲ್ಲ."

"ತಲೆಯಲ್ಲಿ ನೀರು?"

"ಇಲ್ಲ ಮಾಹೀನ."

"ಕಣ್ಣು?"

"ಚೆನ್ನಾಗಿಯೇ ಇದ್ದಿರಬೇಕು."

ಅವಳ ಮುಖ ಅರಳಿತು. ಸತ್ಯವಾಗಿ ಹೇಳುತ್ತೇನೆ, ಅರಳಿತು. ನಾನು ಏನೇನಕ್ಕೋ ಸಿದ್ಧನಾಗಿದ್ದೆ, ಇದಕ್ಕೆ ಸಿದ್ಧನಾಗಿರಲಿಲ್ಲ. ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. ಮೆಟ್ಟಿಲ ಮೇಲೆಯೇ ನಿಂತು ಮಳವಳ್ಳಿಗೆ, ತನ್ನ ತಾಯಿಗೆ ಫೋನ್ ಹಚ್ಚಿದಳು. ಹೆರಿಗೆಯಾದ ಮನೆಯಿಂದ ಸುದ್ದಿ ಮುಟ್ಟಿಸುವವರ ದನಿ ಹೇಗಿರುತ್ತದೋ ಹಾಗಿತ್ತು ಅವಳ ದನಿ.

"ಅಮ್ಮೀ, ಮಗು ಚೆನ್ನಾಗಿತ್ತಂತೆ. ಏನೂ ತೊಂದರೆ ಇರಲಿಲ್ಲವಂತೆ."

ಆ ಕಡೆಯಿಂದ ಅತ್ತೆ ಅರ್ಥವಾಗದೆ ಕೇಳಿದ್ದು ನನಗೂ ಕೇಳಿಸಿತು. ಯಾವ ಮಗು, ಯಾರ ಮಗು?

"ನನ್ನದು ಅಮ್ಮೀ," ಎಂದಳು ಮಾಹೀನ. "ನನ್ನ ಮಗು."